ಸೀಸ, ಪಾಷಾಣ ಮತ್ತು ಮಾತ್ರೆಯ ಭರವಸೆ



ಜನರ ಆರೋಗ್ಯಕ್ಕೆ ಸಂಬಂಧಪಟ್ಟ ಒಂದು ವಿಷಯವನ್ನು, ವಿಜ್ಞಾನ ಓದದವರಿಗೂ ತಿಳಿಯುವ ಹಾಗೆ, ಕನ್ನಡದಲ್ಲಿ ಹೇಳಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯವೆಂದು ಸಂಘಟಕರು ತಿಳಿಸಿದರು. ಜೀವರಸಾಯನ ಪಾಠ ಮಾಡಿಕೊಂಡು ಬಂದವರಿಗೆ ಇದು ಸಲೀಸಾದ ಕೆಲಸವಲ್ಲ. ಕಪ್ಪು ಹಲಗೆಯ ಆಸರೆ ಇಲ್ಲದೆ ನಮಗೆ ಮಾತು ಹೊರಡುವುದಿಲ್ಲ. ಆದರೂ ಒಪ್ಪಿಕೊಂಡೆ. ಔಷಧಿ ಅಂಗಡಿಗಳ ಗಾಜಿನ ಕಪಾಟುಗಳಲ್ಲಿ ಈಚೆಗೆ ಒಂದು ಬಗೆಯ ಡಬ್ಬಿಗಳು ತುಂಬಿಕೊಂಡಿವೆ. ವಿಟಮಿನ್ ಸಿ, ವಿಟಮಿನ್ ಇ, ಸೆಲೆನಿಯಮ್, ಅರಿಸಿನದ ಸಾರ, ಆಲ್ಫಾ ಲಿಪೋಯಿಕ್ ಆಮ್ಲ ಮುಂತಾದುವನ್ನು ಬೇರೆಬೇರೆ ಪ್ರಮಾಣದಲ್ಲಿ ಕೂಡಿಸಿದ ಮಾತ್ರೆಗಳು ಅವು. ದೇಹದಲ್ಲಿ ಸೇರಿಕೊಂಡ ವಿಷಲೋಹಗಳನ್ನು ತೊಳೆದು ಹಾಕುತ್ತವೆ, ಅವುಗಳಿಂದ ಕಾಪಾಡುತ್ತವೆ ಎಂಬ ಮಾತು ಮಾರುವವರಿಂದಲೂ ಕೊಳ್ಳುವವರಿಂದಲೂ ಕೇಳಿಬರುತ್ತದೆ. ಆ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದೇ ಈ ಉಪನ್ಯಾಸದ ವಿಷಯ.

ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಭಾರ ಲೋಹಗಳೆಂದು ಕರೆಯುವ ಪಟ್ಟಿ ಉದ್ದವಾದದ್ದು. ನಾನು ಮುಖ್ಯವಾಗಿ ಸೀಸ ಮತ್ತು ಆರ್ಸೆನಿಕ್ ಅಂದರೆ ಪಾಷಾಣ, ಇವೆರಡನ್ನೇ ಹಿಡಿದು ಮಾತಾಡುತ್ತೇನೆ. ಪಾದರಸ ಅಲ್ಲಲ್ಲಿ ಬಂದು ಹೋಗುತ್ತದೆ. ಆರ್ಸೆನಿಕ್ ಶುದ್ಧ ಅರ್ಥದಲ್ಲಿ ಲೋಹವಲ್ಲ, ಅರೆಲೋಹ ಎಂದು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಈಗಾಗಲೇ ಮನಸ್ಸಿನಲ್ಲಿ ತಿದ್ದುತ್ತಿರಬಹುದು. ತಿದ್ದುಪಡಿ ಸರಿಯೇ. ಆದರೆ ದೇಹಕ್ಕೆ ಅದು ಮಾಡುವ ಕೇಡು ಈ ಗುಂಪಿನದೇ.

ಮೊದಲಿಗೆ, ಈ ಲೋಹಗಳು ದೇಹದೊಳಗೆ ಏನು ಮಾಡುತ್ತವೆ ಎಂಬುದನ್ನು ನೋಡೋಣ.

ಸೀಸ ಒಂದು ವೇಷಧಾರಿ. ಅದರ ಅಯಾನು ಕ್ಯಾಲ್ಸಿಯಂ ಅಯಾನಿನ ಜಾಗದಲ್ಲಿ ಹೋಗಿ ಕೂರುತ್ತದೆ. ಕರುಳಿನಲ್ಲಿ ಕಬ್ಬಿಣವನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲಿನಿಂದಲೇ ಅದೂ ನುಸುಳುತ್ತದೆ. ವಯಸ್ಕರು ನುಂಗಿದ ಸೀಸದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ರಕ್ತ ಸೇರಿದರೆ, ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಸೇರಬಹುದು. ರಕ್ತದಲ್ಲಿ ಅದರ ಅರ್ಧಾಯುಷ್ಯ, ಅಂದರೆ ಪ್ರಮಾಣ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಸುಮಾರು ಒಂದು ತಿಂಗಳು. ಆದರೆ ಮೂಳೆಗೆ ಹೋದ ಸೀಸ ಅಲ್ಲಿಯೇ ಇಪ್ಪತ್ತು ಮೂವತ್ತು ವರ್ಷ ಬೀಡುಬಿಡುತ್ತದೆ. ಬಾಲ್ಯದಲ್ಲಿ ಸೇರಿದ ಸೀಸ ಹೆಣ್ಣುಮಗಳು ಬಸುರಿಯಾದಾಗ, ಮೂಳೆ ಕರಗಿ ಕ್ಯಾಲ್ಸಿಯಂ ಹೊರಬರುವಾಗ, ಜೊತೆಗೆ ಹೊರಬಂದು ಹೊಟ್ಟೆಯ ಕೂಸನ್ನು ಮುಟ್ಟುತ್ತದೆ. ರಕ್ತದ ಆ ಒಂದು ತಿಂಗಳ ಲೆಕ್ಕವನ್ನು ದಯವಿಟ್ಟು ನೆನಪಿನಲ್ಲಿಡಿ; ಮುಂದೆ ಬೇಕಾಗುತ್ತದೆ.

ಇನ್ನು ರಕ್ತ ತಯಾರಾಗುವ ಕಡೆ ಬನ್ನಿ. ಹೀಮೋಗ್ಲೋಬಿನ್ನಿನ ಹೀಮ್ ಭಾಗವನ್ನು ಕಟ್ಟುವ ಕಿಣ್ವಗಳ ಸಾಲಿನಲ್ಲಿ ಎರಡನ್ನು ಸೀಸ ಸ್ತಬ್ಧಗೊಳಿಸುತ್ತದೆ. ಕೆಲಸ ನಿಂತಾಗ ಅರ್ಧಕ್ಕೆ ಉಳಿದ ಅಮೈನೋ ಲೆವುಲಿನಿಕ್ ಆಮ್ಲವೆಂಬ ಸಾಮಗ್ರಿ ರಾಶಿ ಬೀಳುತ್ತದೆ. ಅದು ತಾನಾಗಿಯೇ ಆಮ್ಲಜನಕದೊಂದಿಗೆ ವರ್ತಿಸಿ ಫ್ರೀ ರ‍್ಯಾಡಿಕಲ್‌ಗಳೆಂಬ ಉಗ್ರ ಕಣಗಳನ್ನು ಹುಟ್ಟಿಸುತ್ತದೆ. ಪಾಷಾಣ ಮತ್ತು ಪಾದರಸಗಳ ದಾರಿ ಸ್ವಲ್ಪ ಬೇರೆ. ಇವಕ್ಕೆ ಗಂಧಕದ ಮೇಲೆ ಬಲು ಪ್ರೀತಿ. ನಮ್ಮ ಜೀವಕೋಶಗಳ ಸ್ವಂತ ಕಾವಲುಗಾರನಾದ ಗ್ಲುಟಾಥಯೋನ್ ಎಂಬ ಸಣ್ಣ ಅಣುವಿನಲ್ಲಿ ಗಂಧಕವಿದೆ. ಲೋಹಗಳು ಅದನ್ನು ಹಿಡಿದು ಬರಿದು ಮಾಡುತ್ತವೆ. ಒಂದು ಕಡೆ ಉಗ್ರ ಕಣಗಳ ಉತ್ಪತ್ತಿ ಹೆಚ್ಚಿತು, ಇನ್ನೊಂದು ಕಡೆ ಅವನ್ನು ತಣಿಸುವ ಶಕ್ತಿ ತಗ್ಗಿತು. ಇದನ್ನೇ ನಾವು ಉತ್ಕರ್ಷಣ ಒತ್ತಡ ಎನ್ನುವುದು. ಆಂಟಿಆಕ್ಸಿಡೆಂಟ್‌ಗಳು ಈ ಉಗ್ರ ಕಣಗಳನ್ನು ತಣಿಸುವ ವಸ್ತುಗಳು. ಹಾಗಾಗಿ ಮಾತ್ರೆ ಮಾರುವವರ ತರ್ಕ ಗಾಳಿಯಲ್ಲಿ ಹುಟ್ಟಿದ್ದಲ್ಲ, ಪಠ್ಯಪುಸ್ತಕದ ಒಳಗಿನಿಂದಲೇ ಎದ್ದು ಬಂದದ್ದು. ನಾನು ಅವರನ್ನು ಮೋಸಗಾರರೆಂದು ಕರೆಯಲು ಇಲ್ಲಿ ನಿಂತಿಲ್ಲ.

ಆದರೆ ಉತ್ಕರ್ಷಣ ಒತ್ತಡ ಲೋಹದ ಕೇಡಿನ ಒಂದು ಭಾಗ ಮಾತ್ರ. ನರಕೋಶಗಳ ಸಂಧಿಯಲ್ಲಿ ಕ್ಯಾಲ್ಸಿಯಂನ ವೇಷ ಹಾಕಿ ಕೂತ ಸೀಸವನ್ನು ವಿಟಮಿನ್ ಇ ಎಬ್ಬಿಸಲಾರದು. ಹಸಿ ಸೌದೆ ತುಂಬಿದ ಒಲೆಯ ಹೊಗೆಯನ್ನು ಬೀಸಣಿಗೆಯಿಂದ ಬೀಸಿ ಹೊರಗೆ ಕಳಿಸಬಹುದು. ಕಣ್ಣುರಿ ಕಡಿಮೆಯಾದೀತು, ಸೌದೆ ಮಾತ್ರ ಒಲೆಯಲ್ಲೇ ಇರುತ್ತದೆ.

ಈಗ ಎರಡನೆಯ ಭಾಗಕ್ಕೆ ಬರುತ್ತೇನೆ. ತರ್ಕ ಸರಿ, ಪರೀಕ್ಷೆ ಏನು ಹೇಳಿತು?

ಪ್ರಾಣಿಗಳ ಮೇಲಿನ ಪರೀಕ್ಷೆಗಳಲ್ಲಿ ಫಲಿತಾಂಶ ಚೆನ್ನಾಗಿಯೇ ಇದೆ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ಎಸ್.ಜೆ.ಎಸ್. ಫ್ಲೋರಾ ಮತ್ತು ಸಂಗಡಿಗರು ಇಲಿಗಳ ಮೇಲೆ ಬಹುಕಾಲ ಈ ಕೆಲಸ ಮಾಡಿದ್ದಾರೆ. ಲೋಹವನ್ನು ಹಿಡಿದು ಹೊರಹಾಕುವ ಔಷಧಿಯ ಜೊತೆಗೆ ಆಂಟಿಆಕ್ಸಿಡೆಂಟ್ ಕೊಟ್ಟಾಗ ಅಂಗಾಂಶಗಳು ಚೇತರಿಸಿಕೊಳ್ಳುವುದನ್ನು ಅವರು ತೋರಿಸಿದರು. ಗಮನಿಸಿ: ಔಷಧಿಯ ಜೊತೆಗೆ, ಔಷಧಿಯ ಬದಲಿಗೆ ಅಲ್ಲ. ‘ಜೊತೆಗೆ’ ಎಂಬ ಈ ಒಂದು ಪದ ಜಾಹೀರಾತಿಗೆ ಬರುವಷ್ಟರಲ್ಲಿ ಉದುರಿಹೋಗಿರುತ್ತದೆ. ಇಲಿಗೆ ದೇಹತೂಕದ ಲೆಕ್ಕದಲ್ಲಿ ಕೊಡುವ ಪ್ರಮಾಣವೂ ನಾವು ನುಂಗುವ ಮಾತ್ರೆಯದಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ ಹೆಚ್ಚು ಉಲ್ಲೇಖವಾಗುವ ಅಧ್ಯಯನವೊಂದಿದೆ. ಅಮೆರಿಕದಲ್ಲಿ ನಡೆದು 1999ರಲ್ಲಿ ಪ್ರಕಟವಾದದ್ದು. ಧೂಮಪಾನ ಮಾಡುವ 75 ಗಂಡಸರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಸೋಗಿನ ಮಾತ್ರೆ, ಒಂದಕ್ಕೆ ದಿನಕ್ಕೆ 200 ಮಿಲಿಗ್ರಾಂ, ಇನ್ನೊಂದಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ ಕೊಟ್ಟರು. ಸಾವಿರದ ಗುಂಪಿನಲ್ಲಿ ಒಂದೇ ವಾರಕ್ಕೆ ರಕ್ತದ ಸೀಸ ಶೇಕಡ 81ರಷ್ಟು ಇಳಿಯಿತೆಂದು ವರದಿ. ಉಳಿದೆರಡು ಗುಂಪುಗಳಲ್ಲಿ ಏನೂ ಆಗಲಿಲ್ಲ. ಶೇಕಡ 81! ಈ ಸಂಖ್ಯೆ ಇಂದಿಗೂ ಡಬ್ಬಿಗಳ ಮೇಲೂ ಭಾಷಣಗಳಲ್ಲೂ ಓಡಾಡುತ್ತಿದೆ.

ಸ್ವಲ್ಪ ನಿಂತು ನೋಡೋಣ. ಆ ಗಂಡಸರ ರಕ್ತದಲ್ಲಿ ಮೊದಲಿಗೆ ಇದ್ದ ಸೀಸ ಒಂದು ಡೆಸಿಲೀಟರಿಗೆ ಸುಮಾರು 1.8 ಮೈಕ್ರೋಗ್ರಾಂ. ಅದು ಸೀಸದ ವಿಷ ತಗುಲಿದವರ ಮಟ್ಟವಲ್ಲ, ತೀರ ಕಡಿಮೆ. ಅದು 0.4ಕ್ಕೆ ಇಳಿಯಿತು. ಹೊರಗೆ ಹೋದ ಸೀಸ ಎಲ್ಲಿಗೆ ಹೋಯಿತು? ಅವರ ಮೂತ್ರದಲ್ಲಿ ಸೀಸದ ಪ್ರಮಾಣ ಏರಲಿಲ್ಲ. ಹಾಗಾದರೆ ಕರುಳಿನಿಂದ ಒಳಬರುವುದು ನಿಂತಿರಬಹುದೆಂದು ವಾದಿಸಬೇಕು. ಇಲ್ಲಿಗೆ ಆ ತಿಂಗಳ ಲೆಕ್ಕವನ್ನು ತನ್ನಿ. ರಕ್ತದಲ್ಲಿ ಸೀಸದ ಅರ್ಧಾಯುಷ್ಯ ಸುಮಾರು ಒಂದು ತಿಂಗಳಾದರೆ, ಒಳಬರುವುದು ಪೂರ್ತಿ ನಿಂತರೂ ಒಂದು ವಾರದಲ್ಲಿ ಶೇಕಡ 15ರ ಆಸುಪಾಸು ಇಳಿಯಬೇಕು. ಶೇಕಡ 81 ಇಳಿಯಲು ಆ ದಾರಿಯಲ್ಲಿ ಸಾಧ್ಯವೇ ಇಲ್ಲ. ಅಂದರೆ ಈ ಫಲಿತಾಂಶವನ್ನು ನಂಬಬೇಕಾದರೆ ಸೀಸದ ಬಗ್ಗೆ ನಮಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ಸಂಗತಿಯನ್ನು ಕೈಬಿಡಬೇಕು. ನನ್ನ ಮಟ್ಟಿಗೆ ನಾನು ಆ ಸಂಗತಿಯನ್ನು ಬಿಡಲು ತಯಾರಿಲ್ಲ. ಸಣ್ಣ ಗುಂಪಿನ ಅಧ್ಯಯನವೊಂದು ಇಷ್ಟು ದೊಡ್ಡ ಮಾತು ಹೇಳಿದಾಗ, ವಿದ್ಯಾರ್ಥಿಗಳೇ, ಕೈಯಲ್ಲಿ ಪೆನ್ಸಿಲ್ ಹಿಡಿದು ಓದಬೇಕು.

ಬಾಂಗ್ಲಾದೇಶದ ಇನ್ನೊಂದು ಅಧ್ಯಯನ ನನಗೆ ಹೆಚ್ಚು ನಂಬಿಕೆ ಹುಟ್ಟಿಸಿತು. ಅಲ್ಲಿಯ ಕೊಳವೆಬಾವಿಗಳ ಕಥೆ ನಿಮಗೆ ಗೊತ್ತಿರಬಹುದು. ಕೆರೆ ಹೊಳೆಗಳ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುತ್ತಿದ್ದಾರೆಂದು 1970ರ ದಶಕದಿಂದ ಲಕ್ಷಾಂತರ ಕೊಳವೆಬಾವಿ ಕೊರೆದರು. ನೆಲದಡಿಯ ನೀರಿನಲ್ಲಿ ಪಾಷಾಣವಿತ್ತು. ಗಡಿಯ ಈಚೆ ಪಶ್ಚಿಮ ಬಂಗಾಳದಲ್ಲಿ ಚರ್ಮರೋಗ ತಜ್ಞ ಕೆ.ಸಿ. ಸಾಹಾ 1983ರಲ್ಲಿಯೇ ಇಂಥ ರೋಗಿಗಳನ್ನು ಗುರುತಿಸಿದ್ದರು. ದೇಹ ಪಾಷಾಣವನ್ನು ಹೊರಹಾಕಬೇಕಾದರೆ ಅದಕ್ಕೆ ಮಿಥೈಲ್ ಎಂಬ ಸಣ್ಣ ತುಣುಕನ್ನು ಅಂಟಿಸಬೇಕು. ಆ ಕೆಲಸಕ್ಕೆ ಫೋಲಿಕ್ ಆಮ್ಲ ಬೇಕು. ಬಾಂಗ್ಲಾದೇಶದ ಆ ಅಧ್ಯಯನದಲ್ಲಿ ಫೋಲಿಕ್ ಆಮ್ಲದ ಕೊರತೆ ಇದ್ದವರನ್ನೇ ಆರಿಸಿ, ದಿನಕ್ಕೆ 400 ಮೈಕ್ರೋಗ್ರಾಂನಂತೆ 12 ವಾರ ಕೊಟ್ಟಾಗ ರಕ್ತದ ಪಾಷಾಣ ಸುಮಾರು ಶೇಕಡ 14 ಇಳಿಯಿತು. 2007ರಲ್ಲಿ ಪ್ರಕಟವಾದ ಫಲಿತಾಂಶ ಇದು. ಸಾಧಾರಣ ಸಂಖ್ಯೆ, ಆದರೆ ಏಕೆ ಇಳಿಯಿತು ಎಂಬುದು ಅರ್ಥವಾಗುತ್ತದೆ. ಫೋಲಿಕ್ ಆಮ್ಲ ಅಲ್ಲಿ ಆಂಟಿಆಕ್ಸಿಡೆಂಟ್ ಆಗಿ ಕೆಲಸ ಮಾಡಲಿಲ್ಲ. ಇರಬೇಕಾದದ್ದು ಇಲ್ಲದ ಜಾಗವನ್ನು ತುಂಬಿತು.

ಕೊರತೆ ಇಲ್ಲದವರಿಗೆ ಮೇಲಿಂದ ಮೇಲೆ ಸುರಿದರೆ ಏನಾಗುತ್ತದೆ ಎಂಬುದಕ್ಕೆ ಲೋಹಕ್ಕೆ ಸಂಬಂಧಿಸದ ಎರಡು ದೊಡ್ಡ ಪರೀಕ್ಷೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಫಿನ್‌ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದು 1994ರಲ್ಲಿ ಹೊರಬಂದ ಪರೀಕ್ಷೆಯಲ್ಲಿ, ಬೀಟಾ ಕ್ಯಾರೊಟಿನ್ ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18 ಹೆಚ್ಚಾಗಿ ಬಂತು. ಅಮೆರಿಕ ಮತ್ತು ಕೆನಡಾಗಳಲ್ಲಿ 35,533 ಗಂಡಸರಿಗೆ ಸೆಲೆನಿಯಮ್ ಮತ್ತು ವಿಟಮಿನ್ ಇ ಕೊಟ್ಟ ಪರೀಕ್ಷೆಯನ್ನು 2008ರಲ್ಲಿ ಮಧ್ಯದಲ್ಲೇ ನಿಲ್ಲಿಸಬೇಕಾಯಿತು. 2011ರ ಹೊತ್ತಿಗೆ ವಿಟಮಿನ್ ಇ ಮಾತ್ರ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡ 17 ಹೆಚ್ಚಿದ್ದದ್ದು ಕಂಡಿತು. ನಿರಪಾಯ, ತೆಗೆದುಕೊಂಡರೆ ನಷ್ಟವೇನು ಎನ್ನುವವರು ಈ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬೇಕು.

ಮೂರನೆಯ ಭಾಗ, ಲೋಹವನ್ನು ನಿಜವಾಗಿ ಹಿಡಿದು ಹೊರಗೆಳೆಯುವ ಔಷಧಿಗಳದ್ದು. ಇವಕ್ಕೆ ಕೀಲೇಟರ್‌ಗಳೆನ್ನುತ್ತಾರೆ.

ಇವುಗಳಲ್ಲಿ ಮೊದಲ ಔಷಧಿ ಯುದ್ಧದಲ್ಲಿ ಹುಟ್ಟಿತು. ಲೂಯಿಸೈಟ್ ಎಂಬ ಪಾಷಾಣಯುಕ್ತ ವಿಷಾನಿಲಕ್ಕೆ ಪ್ರತಿವಿಷ ಹುಡುಕುತ್ತಿದ್ದ ಆಕ್ಸ್‌ಫರ್ಡ್‌ನ ರುಡಾಲ್ಫ್ ಪೀಟರ್ಸ್ ಮತ್ತು ಸಂಗಡಿಗರು, ಪಾಷಾಣ ದೇಹದಲ್ಲಿ ಒಟ್ಟಿಗೆ ಎರಡು ಗಂಧಕಗಳನ್ನು ಹಿಡಿಯುತ್ತದೆಂದು ಊಹಿಸಿದರು. ಹಾಗಿದ್ದರೆ ಅಕ್ಕಪಕ್ಕದಲ್ಲಿ ಎರಡು ಗಂಧಕವಿರುವ ಅಣುವನ್ನೇ ಕೊಟ್ಟರೆ ಪಾಷಾಣ ದೇಹವನ್ನು ಬಿಟ್ಟು ಅದನ್ನು ಹಿಡಿದೀತು. ಬ್ರಿಟಿಷ್ ಆಂಟಿ ಲೂಯಿಸೈಟ್ ಎಂಬ ಔಷಧಿ ಹೀಗೆ ಬಂತು. ಜೀವರಸಾಯನದಲ್ಲಿ ಇಷ್ಟು ಚೊಕ್ಕವಾಗಿ ತರ್ಕದಿಂದ ಹುಟ್ಟಿದ ಔಷಧಿಗಳು ಕಡಿಮೆ. ಅದರ ಮುಂದಿನ ತಲೆಮಾರಿನದು ಬಾಯಿಯ ಮೂಲಕ ಕೊಡಬಹುದಾದ ಸಕ್ಸಿಮರ್.

ಸೀಸದ ಮಟ್ಟ ತೀರ ಏರಿದ ಮಗುವಿನ ಜೀವ ಉಳಿಸಲು ಇವು ಬೇಕೇ ಬೇಕು. ಡೆಸಿಲೀಟರಿಗೆ 45 ಮೈಕ್ರೋಗ್ರಾಂ ಅಥವಾ ಹೆಚ್ಚಿದ್ದರೆ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ಅದಕ್ಕಿಂತ ಕಡಿಮೆ ಇದ್ದರೆ? ಅಮೆರಿಕದ ನಾಲ್ಕು ನಗರಗಳಲ್ಲಿ, 20ರಿಂದ 44 ಮೈಕ್ರೋಗ್ರಾಂ ಮಟ್ಟದ 780 ಎಳೆಯ ಮಕ್ಕಳ ಮೇಲೆ ಸಕ್ಸಿಮರ್ ಪರೀಕ್ಷೆ ನಡೆಯಿತು. ರಕ್ತದ ಸೀಸ ಇಳಿಯಿತು. ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಮಾತ್ರ ಔಷಧಿ ಕೊಟ್ಟವರಿಗೂ ಕೊಡದವರಿಗೂ ವ್ಯತ್ಯಾಸ ಕಾಣಲಿಲ್ಲ. ಇರಾಕಿನಲ್ಲಿ 1971-72ರ ಚಳಿಗಾಲದಲ್ಲಿ ಪಾದರಸ ಲೇಪಿಸಿದ ಬಿತ್ತನೆ ಗೋಧಿಯಿಂದ ರೊಟ್ಟಿ ಮಾಡಿ ತಿಂದು 6,530 ಮಂದಿ ಆಸ್ಪತ್ರೆ ಸೇರಿ 459 ಜನ ಸತ್ತ ದುರಂತದಲ್ಲೂ ಹೀಗೇ ಆಯಿತು: ಔಷಧಿಯಿಂದ ರಕ್ತದ ಪಾದರಸ ಇಳಿಯಿತು, ಆಗಲೇ ಕೆಟ್ಟ ನರಗಳು ಸುಧಾರಿಸಲಿಲ್ಲ. ಪ್ರಯೋಗಾಲಯದ ಚೀಟಿಯಲ್ಲಿ ಸಂಖ್ಯೆ ಇಳಿಯುವುದೇ ಒಂದು, ಮನುಷ್ಯ ಗುಣವಾಗುವುದೇ ಇನ್ನೊಂದು. ಕೀಲೇಟರ್‌ನ ಕಥೆಯೇ ಹೀಗಾದರೆ, ಲೋಹವನ್ನು ಅಷ್ಟು ಬಿಗಿಯಾಗಿ ಹಿಡಿಯಲಾರದ ವಿಟಮಿನ್ ಮಾತ್ರೆಯಿಂದ ಎಷ್ಟನ್ನು ನಿರೀಕ್ಷಿಸಬಹುದು?

ಕೀಲೇಟರ್‌ಗಳು ಆಟಿಕೆಗಳೂ ಅಲ್ಲ. 2005ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಬಾಲಕನೊಬ್ಬನಿಗೆ ‘ಲೋಹ ತೆಗೆಯಲು’ ಇಡಿಟಿಎ ಎಂಬ ಕೀಲೇಟರ್‌ನ ಚುಚ್ಚುಮದ್ದು ಕೊಡಲಾಯಿತು. ಕ್ಯಾಲ್ಸಿಯಂ ಸೇರಿಸಿದ ಇಡಿಟಿಎ ಬದಲು ಡೈಸೋಡಿಯಂ ಇಡಿಟಿಎ ಕೊಟ್ಟದ್ದರಿಂದ ಅದು ರಕ್ತದ ಕ್ಯಾಲ್ಸಿಯಂ ಅನ್ನೇ ಹಿಡಿದು ಎಳೆಯಿತು. ಹೃದಯ ನಿಂತು ಮಗು ತೀರಿಕೊಂಡಿತು. ಸೀಸವೇ ತಗುಲದ ಇಲಿಮರಿಗಳಿಗೆ ಸಕ್ಸಿಮರ್ ಕೊಟ್ಟಾಗ ಅವುಗಳ ಕಲಿಕೆ ಬಹುಕಾಲ ಕುಂದಿತೆಂದು 2007ರ ಅಧ್ಯಯನವೊಂದು ತೋರಿಸಿತು. ಈಗ ಕೆಲವು ಕಡೆ ಮೊದಲು ಕೀಲೇಟರ್ ಕೊಟ್ಟು, ಆಮೇಲೆ ಮೂತ್ರ ಪರೀಕ್ಷೆ ಮಾಡಿ, ‘ನೋಡಿ, ಎಷ್ಟು ಲೋಹ ಬಂದಿದೆ’ ಎಂದು ಹೆದರಿಸುವ ಪದ್ಧತಿ ಇದೆ. ಔಷಧಿ ಕೊಟ್ಟರೆ ಯಾರ ಮೂತ್ರದಲ್ಲಾದರೂ ಲೋಹ ಹೆಚ್ಚು ಬರುತ್ತದೆ, ನನ್ನದರಲ್ಲೂ ಬರುತ್ತದೆ. ಆ ಚೀಟಿ ತೋರಿಸಿ ಮಾತ್ರೆ ಮಾರಿದರೆ ಕೊಳ್ಳಬೇಡಿ.

ಈ ಭಾಗವನ್ನು ನೈಜೀರಿಯಾದ ಜಂಫಾರಾ ರಾಜ್ಯದ ಪ್ರಸಂಗದೊಂದಿಗೆ ಮುಗಿಸುತ್ತೇನೆ. 2010ರಲ್ಲಿ ಅಲ್ಲಿಯ ಹಳ್ಳಿಗಳಲ್ಲಿ ಮಕ್ಕಳು ಸೆಳವು ಬಂದು ಸಾಯತೊಡಗಿದರು. ಚಿನ್ನದ ಅದಿರನ್ನು ಮನೆಯಂಗಳದಲ್ಲೇ ಕುಟ್ಟಿ ಪುಡಿ ಮಾಡುತ್ತಿದ್ದರು. ಅದಿರಿನಲ್ಲಿ ಸೀಸ ತುಂಬಿತ್ತು. ಕನಿಷ್ಠ 400 ಮಕ್ಕಳು ಸತ್ತರು. ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಯವರು ಸಕ್ಸಿಮರ್ ಹಿಡಿದು ಬಂದರು. ಆದರೆ ಅವರದೊಂದು ಷರತ್ತಿತ್ತು: ಊರಿನ ಮಣ್ಣನ್ನು ಕೆರೆದು ತೆಗೆದು, ಹೊಸ ಮಣ್ಣು ಹಾಕಿ, ಅಂಗಳ ಶುದ್ಧವಾದ ಮೇಲೆ ಮಾತ್ರ ಆ ಊರಿನ ಮಕ್ಕಳಿಗೆ ಔಷಧಿ. ಬಗೇಗಾ ಎಂಬ ಊರಿನಲ್ಲಿ ಮಣ್ಣು ತೆಗೆಯುವ ಕೆಲಸ 2013ರವರೆಗೆ ತಡವಾಯಿತು, ಮಕ್ಕಳ ಚಿಕಿತ್ಸೆಯೂ ಅಷ್ಟೇ ತಡವಾಯಿತು. ಕೇಳಲು ಕ್ರೂರವಾಗಿದೆ. ಆದರೆ ಔಷಧಿ ಕುಡಿದ ಮಗು ಅದೇ ಅಂಗಳದ ಧೂಳಿಗೆ ಮರಳಿದರೆ ಔಷಧಿ ವ್ಯರ್ಥ. ಆ ವೈದ್ಯರು ಸರಿಯಾದದ್ದನ್ನೇ ಮಾಡಿದರೆಂಬುದು ನನ್ನ ಅಭಿಪ್ರಾಯ.

ಕೊನೆಯ ಭಾಗ: ಹಾಗಾದರೆ ನಮ್ಮನ್ನು ಕಾಪಾಡುವುದು ಯಾವುದು?

ಆಹಾರದಿಂದಲೇ ಶುರುಮಾಡೋಣ. ಸೀಸ ಕಬ್ಬಿಣದ ಬಾಗಿಲಿನಿಂದ ಬರುತ್ತದೆ ಎಂದೆನಲ್ಲ, ದೇಹದಲ್ಲಿ ಕಬ್ಬಿಣ ಕಡಿಮೆಯಾದಾಗ ಆ ಬಾಗಿಲುಗಳು ಹೆಚ್ಚುತ್ತವೆ. ರಕ್ತಹೀನತೆ ಇರುವ ಮಗು ಸೀಸವನ್ನೂ ಹೆಚ್ಚು ಹೀರಿಕೊಳ್ಳುತ್ತದೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂರನೇ ಎರಡು ಪಾಲು ಮಂದಿಗೆ ರಕ್ತಹೀನತೆ ಇದೆಯೆಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಸೀಸದ ಮಟ್ಟ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚಿರುವ, ಕಬ್ಬಿಣ ಅಥವಾ ಕ್ಯಾಲ್ಸಿಯಂ ಸಾಲದ ಮಕ್ಕಳಿಗೆ ಅವನ್ನು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಸೊಪ್ಪಿನ ಸಾರಿಗೆ ಹಿಂಡಿದ ನಿಂಬೆಹಣ್ಣಿನ ವಿಟಮಿನ್ ಸಿ, ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ಊಟವಾದ ತಕ್ಷಣ ಕುಡಿಯುವ ಚಹಾ ಅದನ್ನು ಕೆಡಿಸುತ್ತದೆ. ವಿಟಮಿನ್ ಸಿ ಬಗ್ಗೆ ಇಷ್ಟು ಹೊತ್ತು ಬಿಗಿಯಾಗಿ ಮಾತಾಡಿದವನು ಈಗ ನಿಂಬೆಹಣ್ಣನ್ನು ಹೊಗಳುತ್ತಿದ್ದಾನೆ ಎಂದು ನಗಬೇಡಿ. ಸಾವಿರ ಮಿಲಿಗ್ರಾಂ ಮಾತ್ರೆಗೂ ಬಸ್ಸಾರಿಗೂ ಕೆಲಸ ಬೇರೆ.

ಇನ್ನು ಲೋಹ ಬರುವ ಮೂಲಗಳು. ಇಲ್ಲೊಂದು ವಿಪರ್ಯಾಸ. ಅರಿಸಿನದ ಕರ್ಕ್ಯುಮಿನ್ ಆಂಟಿಆಕ್ಸಿಡೆಂಟ್‌ಗಳಲ್ಲಿ ಹೆಸರುವಾಸಿ, ಸೀಸಕ್ಕೆ ಮದ್ದೆಂದು ಅದನ್ನು ಮಾರುವವರೂ ಇದ್ದಾರೆ. ಬಾಂಗ್ಲಾದೇಶದಲ್ಲಿ ಅರಿಸಿನಕ್ಕೆ ಬಣ್ಣ ಏರಲೆಂದು ಲೆಡ್ ಕ್ರೋಮೇಟ್ ಬಳಿಯುತ್ತಿದ್ದರು. ಗರ್ಭಿಣಿಯರ ರಕ್ತದ ಸೀಸ ಎಲ್ಲಿಂದ ಬಂತೆಂದು ಹುಡುಕಿದವರು ಮಸಾಲೆ ಡಬ್ಬಿಗೆ ಬಂದು ಮುಟ್ಟಿದರು. 2019ರಲ್ಲಿ ಮಾರುಕಟ್ಟೆಯ ಅರಿಸಿನದ ಮಾದರಿಗಳಲ್ಲಿ ಶೇಕಡ 47ರಲ್ಲಿ ಸೀಸ ಸಿಕ್ಕಿತ್ತು. ಸರ್ಕಾರ ದಾಳಿ ಮಾಡಿತು, ದಂಡ ಹಾಕಿತು, ಪ್ರಚಾರ ಮಾಡಿತು. 2021ರಲ್ಲಿ ಅದು ಸೊನ್ನೆಗೆ ಇಳಿಯಿತು, ಅರಿಸಿನ ಗಿರಣಿಗಳ ಕಾರ್ಮಿಕರ ರಕ್ತದ ಸೀಸವೂ ಇಳಿಯಿತು. ಯಾರಿಗೂ ಒಂದು ಮಾತ್ರೆಯನ್ನೂ ಕೊಡದೆ ಆದ ಕೆಲಸ ಇದು. ಮದ್ದಿನಲ್ಲೇ ಲೋಹವಿರುವುದೂ ಉಂಟು: ಅಮೆರಿಕದ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ತಯಾರಿಕೆಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣ ಇತ್ತೆಂದು 2004ರಲ್ಲಿ ವರದಿಯಾಯಿತು.

ನಮ್ಮ ಕಡೆಯ ವಿಷಯ. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಯಲ್ಲಿ ದೇಶದ ಪ್ರಮುಖ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ, ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್ ಅವರು ಈ ಪಿಡುಗಿನ ಬೆನ್ನು ಹತ್ತಿದವರಲ್ಲಿ ಮೊದಲಿಗರು. 2000ದಲ್ಲಿ ಸೀಸದ ಪೆಟ್ರೋಲ್ ಹೋಯಿತು. 2016ರ ನಿಯಮದ ಪ್ರಕಾರ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು. ಹಳೆಯ ಗೋಡೆಗಳ ಬಣ್ಣ ಇನ್ನೂ ಉದುರುತ್ತಿದೆ, ಅದು ಬೇರೆ ಮಾತು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವಾಗ ತವರಕ್ಕೆ ಅಗ್ಗದ ಸೀಸ ಬೆರೆತಿದ್ದರೆ ಹುಣಸೆ ಹುಳಿ ಅದನ್ನು ಕರಗಿಸಿ ಸಾರಿಗೆ ಸೇರಿಸುತ್ತದೆ.

ಪಾಷಾಣಕ್ಕೆ ಉದಾಹರಣೆಯಾಗಿ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾ ಇದೆ. ಸುರಪುರ ಸೀಮೆಯ ಮಂಗಳೂರು ಚಿನ್ನದ ಗಣಿಯ ಪ್ರದೇಶ ಅದು, ಕರಾವಳಿಯ ಮಂಗಳೂರಲ್ಲ. ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದಂತೆ, ಅಲ್ಲಿ ಪರೀಕ್ಷಿಸಿದ 59 ಕೊಳವೆಬಾವಿ ಮಾದರಿಗಳಲ್ಲಿ ಶೇಕಡ 79 ಮಾದರಿಗಳು ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ಮೀರಿದ್ದವು; ಹೆಚ್ಚೆಂದರೆ 303. ತಪಾಸಣೆಗೆ ಬಂದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದಲ್ಲಿ ಪಾಷಾಣದ ಗುರುತು. ಆ ತಾಂಡಾದ ತಾಯಿಗೆ ಸೆಲೆನಿಯಮ್ ಡಬ್ಬಿ ಕೊಟ್ಟು ಅದೇ ಬಾವಿಯ ನೀರು ಸೇದಲು ಕಳಿಸುವುದು ಯಾವ ನ್ಯಾಯ? ಅವಳಿಗೆ ಬೇಕಾದದ್ದು ಬೇರೆ ನೀರು.

ಕಾರ್ಯಕ್ರಮಕ್ಕೆ ಮೊದಲು, ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕೆಲಸದವರು ಏನು ಮಾಡಬೇಕೆಂದು ಇಲ್ಲಿಯ ವಿದ್ಯಾರ್ಥಿಯೊಬ್ಬರು ಕೇಳಿದರು. ಅದಕ್ಕೆ ಉತ್ತರ ಹೇಳಿ ನಿಲ್ಲಿಸುತ್ತೇನೆ. ಕೆಲಸದ ಜಾಗದಲ್ಲಿ ಊಟ, ಬೀಡಿ, ಎಲೆ ಅಡಿಕೆ ಬೇಡ. ಮನೆಗೆ ಹೊರಡುವ ಮೊದಲೇ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಸಬಾರದು. ರಕ್ತದ ಸೀಸ ಪರೀಕ್ಷೆಯನ್ನು ಮಾಲೀಕರ ಖರ್ಚಿನಲ್ಲಿ ನಿಯಮಿತವಾಗಿ ಮಾಡಿಸಬೇಕು. ಬೆರಳು ಚುಚ್ಚಿ ತೆಗೆದ ರಕ್ತಕ್ಕೆ ಚರ್ಮದ ಮೇಲಿನ ಸೀಸದ ಧೂಳು ಬೆರೆಯಬಹುದಾದ್ದರಿಂದ ರಕ್ತವನ್ನು ರಕ್ತನಾಳದಿಂದಲೇ ತೆಗೆಸಬೇಕು. ಸಂಖ್ಯೆ ಏರಿದ್ದರೆ ಮೊದಲು ಆ ಕೆಲಸದಿಂದ ಬಿಡುಗಡೆ, ಆಮೇಲೆ ವೈದ್ಯರು ಹೇಳಿದರೆ ಔಷಧಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರ ರಕ್ತವನ್ನೂ ಅದೇ ದಿನ ಪರೀಕ್ಷೆಗೆ ಕೊಡಿ.